ಪುಡಿಂಗಿನ ಮೇಲಿನ ಹದಿನೇಳು

ವರ್ನಾ ಟಿಡ್‌ವೆಲ್ ಬರುವುದು ಕಂಡರೆ ಸಾಕು, ಹೋಯ್ಟ್ ಲಾಸಿಟರ್ ತನ್ನ ಫೋನನ್ನು ಅಂಗಿಯ ಜೇಬಿಗೆ ತುರುಕಿಕೊಳ್ಳುತ್ತಿದ್ದ. ಫೆಬ್ರವರಿಯಿಂದ ಹೀಗೇ ನಡೆದಿತ್ತು. ಆ ಫೋನಿನಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಟಸ್ಕೋಲಾ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹೊಸದಾಗಿ ಬಂದ ಕ್ವಾರ್ಟರ್‌ಬ್ಯಾಕ್, ಅಮಾರಿ ಪೆಟ್‌ವೇ ಎಂಬ ಹುಡುಗ, ಹೈಸ್ಕೂಲಿನಲ್ಲಿ ಆಡಿದ ಆಟದ ವಿಡಿಯೋಗಳು. ಹೋಯ್ಟ್ ಅವನ್ನು ದೇವರ ಪಟದಷ್ಟು ಭಕ್ತಿಯಿಂದ ನೋಡುತ್ತಾನೆಂದು, ಇಂಥ ಕೈ ಈ ಊರಿಗೆ ತನ್ನ ಜನ್ಮದಲ್ಲಿ ಬಂದಿಲ್ಲವೆಂದು ಕ್ಷೌರದಂಗಡಿಯಲ್ಲಿ ಕೂತು ಸಾರಿದ್ದಾನೆಂದು ವರ್ನಾಳ ಕಿವಿಗೆ ಬಿದ್ದಿತ್ತು. ಅವಳ ಎದುರಿಗೆ ಮಾತ್ರ ಅವನು ಹವಾಮಾನದ ಬಗ್ಗೆ ಮಾತಾಡುತ್ತಿದ್ದ. ಹೋಯ್ಟ್ ಹವಾಮಾನದ ಬಗ್ಗೆ ಮಾತಾಡುವುದೆಂದರೆ ಬೆಕ್ಕು ಸೊಪ್ಪು ತಿಂದ ಹಾಗೆ.

ಕಾರಣ ಎಲ್ಲರಿಗೂ ಗೊತ್ತು. ವರ್ನಾಳ ಮೊಮ್ಮಗ ಲ್ಯಾಂಡ್ರಿಯೂ ಅದೇ ತಂಡದ ಕ್ವಾರ್ಟರ್‌ಬ್ಯಾಕ್. ತಂಡದಲ್ಲಿ ಉಳಿದ ಜಾಗಗಳನ್ನು ಹೇಗಾದರೂ ಹಂಚಿಕೊಳ್ಳಬಹುದು. ಚೆಂಡನ್ನು ಕೈಗೆ ತೆಗೆದುಕೊಂಡು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವ ಆ ಒಂದು ಜಾಗಕ್ಕೆ ಒಬ್ಬನೇ. ಇನ್ನೊಬ್ಬ ಬೆಂಚಿನ ಮೇಲೆ. ಲ್ಯಾಂಡ್ರಿ ಆ ಬೆಂಚನ್ನು ಸಾಕಷ್ಟು ಸವೆಸಿದ್ದ. ಕಳೆದ ವರ್ಷ ಆ ಜಾಗದಲ್ಲಿದ್ದ, ಅವನಿಗಿಂತ ದೊಡ್ಡವನ ಮೊಣಕಾಲು ಕೈಕೊಟ್ಟಾಗ ಅರ್ಧ ಸೀಸನ್ ಇವನೇ ಆಡಿದ. ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. ಆದರೂ ದೊಡ್ಡವನು ಓದು ಮುಗಿಸಿ ಹೋದನಲ್ಲ, ಬರುವ ಸೆಪ್ಟೆಂಬರಿನಲ್ಲಿ ಲ್ಯಾಂಡ್ರಿಯದೇ ಸರದಿ ಎಂದು ವರ್ನಾ ಆಸೆ ಕಟ್ಟಿಕೊಂಡಿದ್ದಳು. ಅಷ್ಟರಲ್ಲಿ ಕಡಲತೀರದ ಕಡೆಯಿಂದ ಈ ಅಮಾರಿ ಬಂದಿಳಿದ.

ಏಪ್ರಿಲಿನ ಆ ಶನಿವಾರ ಬೆಳಿಗ್ಗೆ ವರ್ನಾ ಬಾಳೆಹಣ್ಣಿನ ಪುಡಿಂಗಿನ ದೊಡ್ಡ ತಟ್ಟೆಯನ್ನು ಬಟ್ಟೆ ಮುಚ್ಚಿ ಹೊತ್ತುಕೊಂಡು ಪಿಕಾನ್ ಮರದ ಕೆಳಗಿನ ಟೆಂಟಿಗೆ ಬಂದಳು. ಸ್ಟೇಡಿಯಂ ಪಕ್ಕದ ಆ ಜಾಗದಲ್ಲಿ ಅವರ ಗುಂಪು ಪಂದ್ಯದ ದಿನ ಒಟ್ಟಿಗೆ ಅಡುಗೆ ಮಾಡಿ ಉಣ್ಣಲು ಎಷ್ಟೋ ವರ್ಷದಿಂದ ಟೆಂಟು ಹಾಕುತ್ತಿತ್ತು. ವಸಂತದಲ್ಲಿ ತಂಡ ತನ್ನೊಳಗೇ ಎರಡು ಪಾಲಾಗಿ ಒಂದು ಪಂದ್ಯ ಆಡುತ್ತದೆ. ಅಂದು ವರ್ನಾ ಪುಡಿಂಗ್ ಮಾಡಿ, ಆ ವರ್ಷ ಯಾರು ಕ್ವಾರ್ಟರ್‌ಬ್ಯಾಕ್ ಆಗುತ್ತಾನೋ ಅವನ ಅಂಗಿಯ ಸಂಖ್ಯೆಯನ್ನು ದುಂಡು ಬಿಸ್ಕತ್ತುಗಳಿಂದ ಮೇಲೆ ಜೋಡಿಸುತ್ತಾಳೆ. ಪಂದ್ಯ ಮುಗಿದ ಮೇಲೆ ಬಟ್ಟೆ ತೆಗೆಯುವುದು. ಪುಡಿಂಗಿನ ಮೇಲೆ ಯಾರ ಸಂಖ್ಯೆ ಇರುತ್ತದೋ ಅವನನ್ನು ಆ ಸೀಸನ್ ಮುಗಿಯುವವರೆಗೆ ಆ ಟೆಂಟಿನ ಕೆಳಗೆ ಯಾರೂ ಬೈಯುವ ಹಾಗಿಲ್ಲ. ಎದುರಾಳಿಯ ಕೈಗೇ ಚೆಂಡು ಕೊಟ್ಟು ಬಂದರೂ ಸರಿ, ಬೈಯಬೇಕೆನಿಸಿದರೆ ರಸ್ತೆ ದಾಟಿ ಹೋಗಿ ಬೈದು ಬರಬೇಕು. ಹೋಯ್ಟ್ ಎಷ್ಟೋ ಸಲ ಹಾಗೆ ರಸ್ತೆ ದಾಟಿದ್ದಾನೆ.

ಲ್ಯಾಂಡ್ರಿಯ ಸಂಖ್ಯೆ ಹದಿನೇಳು. ಹೊಸ ಹುಡುಗನದು ಬರೀ ಏಳು. ವರ್ನಾ ಅಂದು ನಸುಕಿನಲ್ಲೇ ಎದ್ದು ಬಿಸ್ಕತ್ತಿನ ಡಬ್ಬಿ ಹಿಡಿದು ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದಳು. ಆಟ ಬಲ್ಲ ಹೆಂಗಸು. ಯಾರನ್ನು ಆಡಿಸುತ್ತಾರೆಂದು ಅವಳ ತಲೆಗೆ ಗೊತ್ತಿತ್ತು, ಕೈ ಮಾತ್ರ ಕೇಳಲಿಲ್ಲ. ಹದಿನೇಳನ್ನೇ ಜೋಡಿಸಿದಳು. ಹೋದ ವರ್ಷ ಆ ಮಗುವನ್ನು ಊರೆಲ್ಲ ಬೈದಿತ್ತು, ಈ ಒಂದು ಟೆಂಟಿನ ನೆರಳಾದರೂ ಅವನಿಗಿರಲಿ ಎಂದುಕೊಂಡಳು.

ಟೆಂಟಿನಲ್ಲಿ ಹೋಯ್ಟ್ ಹಂದಿಪಕ್ಕೆಗಳನ್ನು ಕೆಂಡದ ಮೇಲೆ ಹೊರಳಿಸುತ್ತಿದ್ದ. ಅವನ ಹೆಂಡತಿ ಅರ್ಲೀನ್ ಎಲೆಕೋಸು ಹೆಚ್ಚುತ್ತಿದ್ದಳು. ವರ್ನಾ ಬಂದು ತಟ್ಟೆ ಇಟ್ಟದ್ದೇ ತಡ, ಇಬ್ಬರೂ ಮೊದಲೇ ಮಾತಾಡಿಕೊಂಡವರ ಹಾಗೆ ಶುರುಮಾಡಿದರು. ಹವಾಮಾನದ ವಿಷಯ ಮುಗಿದಿತ್ತೆಂದು ಕಾಣುತ್ತದೆ.

"ಆ ಹೊಸ ಹುಡುಗನ್ನ ನೋಡಿದ್ಯಾ ಅರ್ಲೀನ್? ಬಟ್ಟೆ ಒಣಗಿಸೋ ಕೋಲಿನ ಥರ ಇದ್ದಾನೆ. ಅಕ್ಟೋಬರ್ ಬರೋ ಹೊತ್ತಿಗೆ ಮೂರು ತುಂಡು."

"ಎಸೆಯೋವಾಗ ಮೊಣಕೈ ಕೆಳಗೆ ಬೀಳುತ್ತಂತೆ. ನನ್ನ ತಂಗಿ ಗಂಡ ಹೇಳ್ದ," ಎಂದಳು ಅರ್ಲೀನ್.

"ನಿನ್ನ ತಂಗಿ ಗಂಡನಿಗೆ ಮೀನು ಹಿಡಿಯೋದು ಬಿಟ್ರೆ ಏನೂ ಗೊತ್ತಿಲ್ಲ. ಆದ್ರೆ ಇದು ಮಾತ್ರ ನಿಜ. ಹೈಸ್ಕೂಲ್ ಮಕ್ಕಳ ಮುಂದೆ ಯಾರು ಬೇಕಾದ್ರೂ ಎಸೀತಾರೆ. ಇಲ್ಲಿ ಆ ಇನ್ನೂರೈವತ್ತು ಪೌಂಡಿನವರು ಮೈಮೇಲೆ ಬಿದ್ದಾಗ ಅಮ್ಮಾ ಅಂತಾನೆ."

ವರ್ನಾಳಿಗೆ ನಗುವೂ ಬಂತು, ಅಳುವೂ ಬಂತು. ಹಳೆಯ ಸ್ನೇಹಿತರು ತನಗೋಸ್ಕರ ಇಷ್ಟು ಕೆಟ್ಟದಾಗಿ ಸುಳ್ಳು ಹೇಳುತ್ತಿದ್ದಾರಲ್ಲ ಎಂದು ಅವರ ಮೇಲೆ ಅಕ್ಕರೆ ಉಕ್ಕಿತು. ಅದರ ಜೊತೆಗೇ ಸಿಟ್ಟು. ಫೆಬ್ರವರಿಯಿಂದ ಯಾರೂ ಅವಳೊಡನೆ ಫುಟ್‌ಬಾಲಿನ ಬಗ್ಗೆ ನಿಜವಾದ ಒಂದು ಮಾತು ಆಡಿರಲಿಲ್ಲ. ಸಾವಿನ ಮನೆಗೆ ಬಂದವರ ಹಾಗೆ ಆಡುತ್ತಿದ್ದರು.

ಅಷ್ಟರಲ್ಲಿ ಒಬ್ಬ ಮನುಷ್ಯ ಟೆಂಟಿನ ಮುಂದೆ ನಿಧಾನವಾಗಿ ಹೋಗುತ್ತಿದ್ದ. ಯಾವ ತಂಡದ ಗುರುತೂ ಇಲ್ಲದ ಟೋಪಿ, ಇಸ್ತ್ರಿ ಮಾಡಿದ ಅಂಗಿ. ಅಲ್ಲಿ ನಿಧಾನವಾಗಿ ನಡೆದವನ ಕೈಗೆ ತಟ್ಟೆ ಬರುವುದು ವಾಡಿಕೆ. ವರ್ನಾ ಕರೆದು ತಟ್ಟೆ ತುಂಬಿಸಿ ಕೊಟ್ಟಳು. ಆತ "ಥ್ಯಾಂಕ್ಯೂ, ಮ್ಯಾಮ್," ಎಂದು ಟೆಂಟಿನ ಅಂಚಿನಲ್ಲಿ ಕುರ್ಚಿಯ ತುದಿಗೆ ಕೂತ.

ಕೇಳುವವನೊಬ್ಬ ಹೊಸಬ ಸಿಕ್ಕ ಮೇಲೆ ಹೋಯ್ಟನಿಗೆ ಹುರುಪು ಬಂತು. "ನೀವೇ ಹೇಳಿ ಸಾರ್. ಕಡಲ ಕಡೆ ಹುಡುಗರು ಮರಳಲ್ಲಿ ಓಡಿ ಬೆಳೆದವರು, ಹುಲ್ಲಿನ ಮೇಲೆ ಕಾಲು ನಿಲ್ಲುತ್ತಾ? ಆ ಅಮಾರಿ ಅನ್ನೋನ್ನ ಪೇಪರಿನೋರು ಸುಮ್ನೆ ಉಬ್ಬಿಸಿದಾರೆ. ಒಂದು ಸಲ ಸೋತ ಅಂದ್ರೆ ಗಂಟುಮೂಟೆ ಕಟ್ಟಿ ಮನೆಗೆ ಓಡ್ತಾನೆ, ನೋಡ್ತಿರಿ."

ಆ ಮನುಷ್ಯ ಅಗಿಯುವುದು ನಿಂತಿತು. ಕಣ್ಣು ತಟ್ಟೆಯ ಮೇಲೆ ನೆಟ್ಟು, ಅಲ್ಲಿರುವ ಎಲೆಕೋಸನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ವರ್ನಾ ಆತನ ಕಡೆ ನೋಡಿದಳು. ಆ ಮುಖ ಅವಳಿಗೆ ಗೊತ್ತು. ಕಳೆದ ವರ್ಷ ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಊಟದಲ್ಲಿ, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಲ್ಯಾಂಡ್ರಿಯ ಹೆಸರು ಬಂದಾಗಲೆಲ್ಲ ಅವಳು ಹೊತ್ತುಕೊಂಡು ಕೂತ ಮುಖ ಅದು. ಹೆತ್ತವರದೋ ಸಾಕಿದವರದೋ ಮುಖ. ಬೇರೆ ಯಾರೂ ಎಲೆಕೋಸನ್ನು ಹಾಗೆ ನೋಡುವುದಿಲ್ಲ.

"ಹೋಯ್ಟ್, ಪಕ್ಕೆ ಸೀದು ಹೋಗ್ತಿದೆ," ಎಂದಳು. ಸೀದಿರಲಿಲ್ಲ, ಆದರೆ ಅವನು ತಿರುಗಿದ. ಅವಳು ಆ ಮನುಷ್ಯನ ಕಡೆ ಬಗ್ಗಿ, "ನಿಮ್ಮ ಸೀಟು ಎಲ್ಲಿ?" ಎಂದು ಕೇಳಿದಳು. ಆತ ಜೇಬಿನಿಂದ ಟಿಕೆಟು ತೆಗೆದು ತೋರಿಸಿದ. ಆಟಗಾರರ ಮನೆಯವರು ಕೂರುವ ಸಾಲು.

"ನನ್ನದೂ ಅಲ್ಲೇ. ನನಗೆ ಮೆಟ್ಟಿಲು ಹತ್ತೋಕೆ ಒಂದು ತೋಳು ಬೇಕು. ಬರ್ತೀರಾ?"

ದಾರಿಯಲ್ಲಿ ಆತ ತನ್ನ ಹೆಸರು ಲೂಷಿಯಸ್ ಪೆಟ್‌ವೇ, ಅಮಾರಿಯ ಅಪ್ಪ ಎಂದ. ಸಿಗಡಿ ದೋಣಿಗಳ ಬಂದರಿನಲ್ಲಿ ಕೆಲಸ. ಹೆಂಡತಿಗೆ ರಜೆ ಸಿಗಲಿಲ್ಲ, ಒಬ್ಬನೇ ಬಸ್ಸು ಹಿಡಿದು ಬಂದಿದ್ದ. ವರ್ನಾ ತನ್ನ ಹೆಸರು ಹೇಳಿ, ಹದಿನೇಳು ತನ್ನ ಮೊಮ್ಮಗನೆಂದಳು. ಆತ ಮೆಟ್ಟಿಲ ಮೇಲೆ ನಿಂತುಬಿಟ್ಟ.

"ಹಾಗಿದ್ರೂ ನೀವು ನನಗೆ ಊಟ ಹಾಕಿದ್ರಿ."

"ಹಾಕೋವಾಗ ಗೊತ್ತಿರಲಿಲ್ಲ ಬಿಡಿ. ಗೊತ್ತಿದ್ರೆ ಇನ್ನೊಂದು ಪಕ್ಕೆ ಹಾಕ್ತಿದ್ದೆ. ಹತ್ತಿ, ಹಿಂದೆ ಜನ ಇದಾರೆ."

ಕೂತಮೇಲೆ ಅವಳು ಚೀಲದಿಂದ ಬೇಯಿಸಿದ ಕಡಲೆಕಾಯಿಯ ಪೊಟ್ಟಣ ತೆಗೆದು ಇಬ್ಬರ ನಡುವೆ ಇಟ್ಟಳು. "ಒಂದು ಮಾತು ಹೇಳ್ತೀನಿ ಕೇಳಿ. ಹಿಂದಿನ ಸಾಲಿನೋರು ಬೈತಾರೆ. ತಿರುಗಿ ನೋಡ್ಬೇಡಿ. ಮುಖ ನೋಡಿದ್ರೆ ಮನೆಗೆ ಹೋದ್ರೂ ಅದು ಕಣ್ಣಿಂದ ಹೋಗಲ್ಲ. ಬಾಯಲ್ಲಿ ಕಡಲೆಕಾಯಿ ಇಟ್ಕೊಳಿ. ಬಾಯಿ ತುಂಬಿದ್ರೆ ಎದುರು ಮಾತು ಬರಲ್ಲ."

ಮೊದಲು ಬೈಸಿಕೊಂಡದ್ದು ಲ್ಯಾಂಡ್ರಿ. ಅವನು ಎಸೆದ ಚೆಂಡು ನೆಲ ಮುಟ್ಟುತ್ತಲೇ ಹಿಂದಿನಿಂದ ಒಂದು ದನಿ ಬಂತು. "ಆ ಹದಿನೇಳನ್ನ ಲೈಬ್ರರಿಗೆ ಕಳಿಸ್ರಪ್ಪಾ. ಪುಸ್ತಕನಾದ್ರೂ ಹಿಡೀಲಿ." ವರ್ನಾ ಕಡಲೆಕಾಯಿ ಬಾಯಿಗೆ ಹಾಕಿಕೊಂಡಳು. ಪಕ್ಕದಲ್ಲಿ ಲೂಷಿಯಸ್ ತಾನೂ ಒಂದು ಹಾಕಿಕೊಂಡ. ಆಮೇಲೆ ಅಮಾರಿಯ ಚೆಂಡು ಎದುರಿನವರ ಕೈ ಸೇರಿತು. "ಇವನಿಗಾ ಇಷ್ಟು ದಿನ ಕುಣಿದಿದ್ದು?" ಎಂದಿತು ಅದೇ ದನಿ. ಇಬ್ಬರೂ ಒಟ್ಟಿಗೆ ಪೊಟ್ಟಣಕ್ಕೆ ಕೈ ಹಾಕಿದರು. ಬೆರಳಿಗೆ ಬೆರಳು ತಗುಲಿ, ಇಬ್ಬರಿಗೂ ನಗು ಬಂದು, ಲೂಷಿಯಸನ ನೆತ್ತಿಗೆ ಹತ್ತಿತು.

ಅವನು ಕೆಮ್ಮುತ್ತಿರುವಾಗಲೇ ಅದು ನಡೆಯಿತು. ಅಮಾರಿಯ ಮೇಲೆ ಇಬ್ಬರು ದಢೂತಿ ಆಟಗಾರರು ನುಗ್ಗಿದರು. ಹುಡುಗ ಗಾಬರಿಯಾಗಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತನ್ನ ಕಡೆಯ ಆಟಗಾರ ಇನ್ನೂ ಬಂದೇ ಇರದ ಜಾಗಕ್ಕೆ ಚೆಂಡನ್ನು ಬಿಟ್ಟ. ಆ ಆಟಗಾರ ಓಡಿ ಅಲ್ಲಿ ತಲುಪುವುದಕ್ಕೂ ಅದು ಮೆಲ್ಲಗೆ ಅವನ ಕೈಗೆ ಇಳಿಯುವುದಕ್ಕೂ ಸರಿಹೋಯಿತು. ವರ್ನಾ ಎದ್ದು ನಿಂತಿದ್ದಳು, ಚಪ್ಪಾಳೆ ತಟ್ಟುತ್ತಿದ್ದಳು. ತಾನು ಏನು ಮಾಡುತ್ತಿದ್ದೇನೆಂದು ತಿಳಿದಾಗ ಕೈ ಗಾಳಿಯಲ್ಲೇ ನಿಂತಿತು. ಅವಳು ಕೂತಳು. ಎಷ್ಟು ಸಂತೋಷವಾಯಿತೋ ಅಷ್ಟೇ ನೋವಾಯಿತು. ಲ್ಯಾಂಡ್ರಿಯ ಕೈಯಿಂದ ಅಂಥದು ಬಂದಿಲ್ಲ, ಬರುವುದೂ ಇಲ್ಲ.

"ನಿಮ್ಮ ಹುಡುಗ ಆ ಕಡೆ ಮೂಲೆಗೆ ಎಸೆದ್ನಲ್ಲ, ಅದೂ ಚೆನ್ನಾಗಿತ್ತು, ಮ್ಯಾಮ್," ಎಂದ ಲೂಷಿಯಸ್ ಮೆತ್ತಗೆ.

"ಸುಳ್ಳು ಹೇಳ್ಬೇಡಿ. ಈಗಾಗ್ಲೇ ನಮ್ಮ ಟೆಂಟಲ್ಲಿ ಇಬ್ರು ಸುಳ್ಳರಿದಾರೆ."

ಪಂದ್ಯ ಮುಗಿದ ಮೇಲೆ ಇಬ್ಬರೂ ಟೆಂಟಿಗೆ ವಾಪಸು ಬಂದರು. ಸ್ವಲ್ಪ ಹೊತ್ತಿಗೆ ಲ್ಯಾಂಡ್ರಿಯೂ ಬಂದ, ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಬ್ಬನೇ ಬರಲಿಲ್ಲ. "ಮೀಮಾ, ಇವನಿಗೆ ಹಾಸ್ಟೆಲ್ ಊಟ ತಿಂದು ಸಾಕಾಗಿದೆ, ಕರ್ಕೊಂಡು ಬಂದೆ," ಎಂದು ಅಜ್ಜಿಗೆ ಹೇಳಿ, ಹಿಂದಿದ್ದ ಉದ್ದನೆಯ ಹುಡುಗನನ್ನು ಮುಂದಕ್ಕೆ ತಳ್ಳಿದ. ಆ ಹುಡುಗ ಯಾರಿಗೂ ನಮಸ್ಕಾರ ಹೇಳುವ ಮೊದಲೇ ಅಪ್ಪನನ್ನು ಕಂಡ. ಕಂಡವನೇ ಹೋಗಿ ಆ ಇಸ್ತ್ರಿ ಅಂಗಿಯ ಹೆಗಲಿಗೆ ಮುಖ ಒತ್ತಿ ನಿಂತುಬಿಟ್ಟ. ಹತ್ತಿರದಿಂದ ನೋಡಿದರೆ ಇನ್ನೂ ಮಗು.

ಹೋಯ್ಟ್ ಇಕ್ಕಳ ಹಿಡಿದು ಕಲ್ಲಾಗಿದ್ದ. ಬೆಳಿಗ್ಗೆ ಆಡಿದ ಮಾತೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತಿರುವುದು ಅವನ ಕಿವಿಯ ಬಣ್ಣದಲ್ಲೇ ಕಾಣುತ್ತಿತ್ತು. "ಸಾರ್, ನಾನು... ಬೆಳಿಗ್ಗೆ..." ಎಂದು ತಡವರಿಸಿದ.

"ನೀವು ಹೇಳಿದ್ರಲ್ಲಿ ಒಂದು ನಿಜ," ಎಂದ ಲೂಷಿಯಸ್. "ತುಂಬಾ ತೆಳ್ಳಗಿದ್ದಾನೆ. ಅವನ ತಟ್ಟೆಗೆ ಜಾಸ್ತಿ ಹಾಕಿ."

ಹೋಯ್ಟ್ ಹಾಕಿದ ಪಕ್ಕೆಗಳಿಗೆ ತಟ್ಟೆ ಬಾಗಿತು. ಎಲ್ಲರೂ ನಕ್ಕರು. ಆ ನಗೆ ನಿಂತ ಮೇಲೆ ಉಳಿದದ್ದು ಪುಡಿಂಗ್ ಒಂದೇ. ಅರ್ಲೀನ್ ಬಟ್ಟೆಯ ಕಡೆ ನೋಡಿ, ತಕ್ಷಣ ಮರದ ಕಡೆ ನೋಡಿದಳು. ವರ್ನಾಳಿಗೆ ಆ ತಟ್ಟೆಯನ್ನು ಎತ್ತಿಕೊಂಡು ಮನೆಗೆ ಹೋಗಿಬಿಡೋಣ ಎನಿಸಿತು. ಬಟ್ಟೆ ತೆಗೆದರೆ, ಅಪ್ಪನ ಎದುರಿಗೇ ಅಮಾರಿಯನ್ನು ನೆರಳಿನಿಂದ ಹೊರಗಿಟ್ಟ ಹಾಗೆ. ಇವತ್ತಿನ ಆಟ ಕಂಡ ಮೇಲೂ ಹದಿನೇಳು ಎಂದರೆ ಅದು ಕನಿಕರವೆಂದು ಲ್ಯಾಂಡ್ರಿಗೂ ಗೊತ್ತಾಗುತ್ತದೆ.

ಬಟ್ಟೆ ತೆಗೆದದ್ದು ಲ್ಯಾಂಡ್ರಿ. ತನ್ನ ಸಂಖ್ಯೆಯನ್ನು ಸುಮ್ಮನೆ ನೋಡುತ್ತ ನಿಂತ.

"ಚಿಕ್ಕೋನಿದ್ದಾಗಿಂದ ಇದರ ಮೇಲೆ ನನ್ನ ನಂಬರ್ ನೋಡ್ಬೇಕು ಅಂತಿತ್ತು, ಮೀಮಾ."

"ನೋಡ್ಕೋ. ನಿಂಗೇ ಮಾಡಿದ್ದು."

"ನೋಡಿದೆ," ಎಂದು ಕೈ ಚಾಚಿ, ಒಂದು ಎಂಬ ಅಂಕಿಯ ಮೇಲ್ತುದಿಯ ಬಿಸ್ಕತ್ತನ್ನು ತೆಗೆದು ಬಾಯಿಗೆ ಹಾಕಿಕೊಂಡ. ಆಮೇಲೆ ಅದರ ಕೆಳಗಿನದು. ಕೊನೆಯದನ್ನು ಎತ್ತಿ ಅಜ್ಜಿಯ ಅಂಗೈಯಲ್ಲಿಟ್ಟ. ಪುಡಿಂಗಿನ ಮೇಲೆ ಈಗ ಏಳು ಮಾತ್ರ ಇತ್ತು, ಪಕ್ಕದಲ್ಲಿ ಒಂದರ ಗುರುತು ಕೆನೆಯಲ್ಲಿ ಹಾಗೇ ಉಳಿದಿತ್ತು.

"ಬೆಂಚಿನ ಮೇಲೆ ಕೂತೋನ್ನ ಯಾರೂ ಬೈಯಲ್ಲ, ಮೀಮಾ," ಎಂದ. "ಈ ಟೆಂಟು ಇವನಿಗೆ ಬೇಕಾಗುತ್ತೆ."

ಅಮಾರಿಗೆ ಏನೂ ಅರ್ಥವಾಗಲಿಲ್ಲ. ಬಾಯಿ ತುಂಬ ಊಟ ಇಟ್ಟುಕೊಂಡು, "ಇದನ್ನ ನಾವೂ ತಿನ್ನಬಹುದಾ?" ಎಂದು ಕೇಳಿದ. ಅರ್ಲೀನ್ ಕೈಯೊರೆಸುವ ಕಾಗದದಲ್ಲೇ ಕಣ್ಣೊರೆಸಿಕೊಂಡು, "ಮೊದಲ ತುಂಡು ನಿಂದೇ ಕಣಪ್ಪ," ಎಂದಳು.

ವರ್ನಾ ತನ್ನ ಕೈಯಲ್ಲಿದ್ದ ಬಿಸ್ಕತ್ತನ್ನು ತಿಂದಳು. ಬೆಳಗಿನಿಂದ ಕೆನೆಯಲ್ಲಿ ಕೂತು ಮೆತ್ತಗಾಗಿತ್ತು, ಅಗಿಯುವುದೇ ಬೇಕಾಗಲಿಲ್ಲ. ಲ್ಯಾಂಡ್ರಿಯ ಒದ್ದೆ ತಲೆಯನ್ನು ಒಮ್ಮೆ ಸವರಿ, ಕುರ್ಚಿ ಎಳೆದುಕೊಂಡು ಹೋಯ್ಟನ ಪಕ್ಕ ಕೂತಳು.

"ಫೋನ್ ತೆಗಿ," ಎಂದಳು. "ಆ ಹುಡುಗನ ವಿಡಿಯೋ ಎಲ್ಲಾ ತೋರಿಸು. ಮೊಣಕೈ ಎಲ್ಲಿ ಬೀಳುತ್ತೆ ಅಂತ ನಾನೇ ನೋಡ್ತೀನಿ."

ಹೋಯ್ಟ್ ಅವಳ ಮುಖವನ್ನೊಮ್ಮೆ ನೋಡಿದ. ಆಮೇಲೆ ಜೇಬಿಗೆ ಕೈ ಹಾಕಿದ.

"ಬೀಳಲ್ಲ ಕಣಮ್ಮಾ," ಎಂದ. "ಒಂದು ಸಲಾನೂ ಬೀಳಲ್ಲ. ಫೆಬ್ರವರಿಯಿಂದ ನಿಂಗೆ ಹೇಳ್ಬೇಕು ಹೇಳ್ಬೇಕು ಅಂತ ಹೊಟ್ಟೆ ಉಬ್ಬರಿಸಿ ಸಾಯ್ತಿದ್ದೆ."