ಎದುರು ಬಾಗಿಲಿನ ಸಾಲು

ರಸ್ತೆಯ ಈ ಬದಿಗೆ ಅಣ್ಣನ ಕಾರ್ಖಾನೆ, ಎದುರಿಗೆ ತಮ್ಮನದು. ಇಬ್ಬರೂ ಕೃತಕ ಕಾಲು ಮಾಡುವವರು, ಒಬ್ಬನೇ ಅಪ್ಪನ ಹತ್ತಿರ ಕಸುಬು ಕಲಿತವರು. ಗಡಿಯಾಚೆ ಎರಡು ಪಂಗಡಗಳು ಬಡಿದಾಡುತ್ತಿದ್ದವು. ಒಂದೊಂದರ ಬೆನ್ನಿಗೂ ಒಂದೊಂದು ದೊಡ್ಡ ದೇಶ. ಆ ದೊಡ್ಡವರು ಮೈಗೆ ಧೂಳು ತಾಗಿಸಿಕೊಂಡವರಲ್ಲ. ಬಂದೂಕೂ ಅವರದೇ, ಕೃತಕ ಕಾಲಿನ ಖರ್ಚೂ ಅವರದೇ. ಒಂದು ದೇಶ ತನ್ನ ಕಡೆಯ ಗಾಯಾಳುಗಳನ್ನು ಅಣ್ಣನಲ್ಲಿಗೆ ಕಳಿಸಿದರೆ, ಇನ್ನೊಂದು ತಮ್ಮನಲ್ಲಿಗೆ ಕಳಿಸುತ್ತಿತ್ತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತೂ ಇಲ್ಲ, ಕತೆಯೂ ಇಲ್ಲ.

ಇವತ್ತು ತಮ್ಮನ ಬಾಗಿಲಿನ ಸಾಲು ಬೀದಿಯ ತಿರುವು ಮುಟ್ಟಿತ್ತು. ಅಣ್ಣನಲ್ಲಿಗೆ ಬಂದವನು ಒಬ್ಬನೇ. ಅವನ ಮೊಂಡುಗಾಲಿಗೆ ಅಳತೆಪಟ್ಟಿ ಸುತ್ತುತ್ತಿದ್ದರೂ ಅಣ್ಣನ ಕಣ್ಣೆಲ್ಲ ಕಿಟಕಿಯಾಚೆಗೇ.

“ಆ ಎರಡು ದೇಶದ ರಾಯಭಾರಿಗಳು ಒಂದೇ ಸೋಫಾದಲ್ಲಿ ಕೂತು ಕೈ ಕುಲುಕಿದಾರೆ ಕಣ್ರೀ, ಪೇಪರಲ್ಲಿ ಫೋಟೋ ಬಂದಿದೆ,” ಎಂದಳು ಹೆಂಡತಿ. “ನೀವೂ ಹೋಗಿ ನಿಮ್ಮ ತಮ್ಮನ ಹತ್ರ ಮಾತಾಡ್ಬಾರ್ದಾ?”

“ಅವ್ರು ಏನಾದ್ರೂ ಮಾಡ್ಕೊಳ್ಲಿ. ಅಲ್ನೋಡು, ಅವನ ಬಾಗ್ಲಲ್ಲಿ ಎಷ್ಟು ಜನ!” ಅಣ್ಣನ ಹೊಟ್ಟೆ ಉರಿದುಹೋಯಿತು. “ನೆಲಬಾಂಬೆಲ್ಲ ಅವನ ಕಡೆಯೋರ ಕಾಲಡೀನೇ ಸಿಡೀಬೇಕಾ? ನಮ್ಮ ಕಡೆಯೋರು ಕಣ್ಣು ಬಿಟ್ಕೊಂಡು ನಡೀತಾರೆ, ದರಿದ್ರದೋರು!”

ಅಳತೆಗೆಂದು ಕುರ್ಚಿಯಲ್ಲಿ ಕೂತಿದ್ದವನು ಉಳಿದಿದ್ದ ಒಂದು ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.