ಆಯುಧಪೂಜೆಗೆ ನಿಂತುಹೋದ ಮೆಷಿನ್

ನನಗೆ ಬುದ್ಧಿ ಹೇಳಿದವರು ಇಬ್ಬರು. ಇಬ್ಬರ ಬಾಯಿಯನ್ನೂ ನಾನೇ ಮುಚ್ಚಿಸಿದೆ. ಈ ಆಶಾರಾಣಿಯ ನಾಲಿಗೆ ಎಂಥದ್ದು ಅಂತ ಪೀಣ್ಯದ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹತ್ತೊಂಬತ್ತು ವರ್ಷದಿಂದ ಒಂದೇ ಕಾರ್ಖಾನೆ, ಒಂದೇ ಕುರ್ಚಿ.

ನಾವು ಮಾಡುವುದು ಕ್ರೇನಿನ ಹುಕ್ಕು. ಪ್ರತಿ ಹುಕ್ಕಿನ ತಳಕ್ಕೂ ಒಂದು ನಂಬರ್ ಹೊಡೆಯುತ್ತೇವೆ. ರಾಮಾಂಜಿನಪ್ಪ ಅದಕ್ಕೆ ಭಾರ ಕೊಟ್ಟು ಎಳೆದು ನೋಡುತ್ತಾನೆ. ಬಾಯಿ ಕೂದಲೆಳೆಯಷ್ಟು ಅಗಲವಾದರೂ ಫೇಲು. ಫೇಲಾದ ನಂಬರನ್ನು ನಾನು ಕಂಪ್ಯೂಟರಿಗೆ ಹಾಕುತ್ತೇನೆ. ಅವನ್ನು ಆಗಲೇ ಬೇರೆ ಇಡೋಣವೆಂದರೆ ಶೆಡ್ಡಿನಲ್ಲಿ ಜಾಗವಿಲ್ಲ. ಎಲ್ಲವೂ ಒಟ್ಟಿಗೆ ಹಳದಿ ಬಣ್ಣಕ್ಕೆ ಹೋಗುತ್ತವೆ. ಮಾರನೆಯ ದಿನ ಬಣ್ಣ ಒಣಗಿದ ಮೇಲೆ ನಾನು ಪರದೆ ನೋಡಿ ಫೇಲಾದ ನಂಬರ್ ಕೂಗುತ್ತೇನೆ, ರಾಮಾಂಜಿನಪ್ಪ ಅದನ್ನು ಹೆಕ್ಕಿ ಗುಜರಿಗೆ ಎಸೆಯುತ್ತಾನೆ. ಹಳೇ ಯಜಮಾನರಾದ ನಲ್ಲಪ್ಪನವರ ಕಾಲದಿಂದಲೂ ಇದೇ ಪದ್ಧತಿ.

ಕಂಪ್ಯೂಟರೂ ಅವರ ಕಾಲದ್ದೇ. ಮನೆಯ ಟಿವಿಗೆ ಸಿಕ್ಕಿಸಿ ಮಕ್ಕಳು ಆಟವಾಡುತ್ತಿದ್ದಂಥ ಕೀಬೋರ್ಡ್ ಪೆಟ್ಟಿಗೆ, ಪಕ್ಕದಲ್ಲೊಂದು ಫ್ಲಾಪಿ ಡ್ರೈವ್. ಪ್ರೋಗ್ರಾಂ ಅವರೇ ಕೂತು ಬರೆದದ್ದು. ಹೋದ ವರ್ಷ ಆ ಪೆಟ್ಟಿಗೆ ಹೊಗೆಯಾಡಿ ಸತ್ತಿತು. ಈಗಿನ ಯಜಮಾನರು, ಅವರ ಮಗ ಆಂಜಿನಪ್ಪನವರು, ಅಪ್ಪ ಬರೆದದ್ದನ್ನು ಬಿಡುವುದಿಲ್ಲ ಅಂತ ಹಟ ಹಿಡಿದರು. ದಾವಣಗೆರೆ ಕಡೆಯ ನಿವೇದಿತಾ ಅಂತ ಒಬ್ಬಳನ್ನು ಕರೆಸಿದರು. ವೈಟ್‌ಫೀಲ್ಡಿನಲ್ಲಿ ಕೆಲಸ, ಹಳೇ ಕಂಪ್ಯೂಟರುಗಳ ಹುಚ್ಚು. ಆಕೆ ಒಂದು ಲ್ಯಾಪ್‌ಟಾಪಿಗೆ ಎಮ್ಯುಲೇಟರ್ ಹಾಕಿಕೊಟ್ಟಳು.

"ಇದು ವೇಷ ಕಟ್ಟಿದಂಗ್ರೀ ಅಕ್ಕ. ಲ್ಯಾಪ್‌ಟಾಪು ನಿಮ್ಮ ಹಳೇ ಮೆಷಿನ್ನಿನ ವೇಷ ಕಟ್ತದ. ನಿಮ್ಮ ಫ್ಲಾಪಿ ಈಗ ಒಂದು ಫೈಲು. ಮೆಷಿನ್ನು ಫ್ಲಾಪಿ ಓದ್ತೀನಿ ಅಂದ್ರ ಇದು ಆ ಫೈಲ್ ಓದ್ತದ, ಬರೀತೀನಿ ಅಂದ್ರ ಅದರಾಗ ಬರೀತದ."

ಹಳೇ ಡ್ರೈವಿನ ಕರಕರ ಸದ್ದನ್ನೂ ಬಿಟ್ಟಿರಲಿಲ್ಲ. ಅದನ್ನು ಕೇಳಿ ಆಂಜಿನಪ್ಪನವರು ಕಣ್ಣೊರೆಸಿಕೊಂಡರು. ಆದರೆ ಹಳೆಯದರ ನಿಧಾನವೂ ಹಾಗೇ ಬಂದಿತ್ತು. ಶುರುವಾಗಲು ನಾಲ್ಕು ನಿಮಿಷ ಬೇಕು. ಬೇಗ ಆಗುವ ದಾರಿ ಇಲ್ಲವೇ ಅಂತ ಪೀಡಿಸಿದ್ದಕ್ಕೆ ಸ್ನ್ಯಾಪ್‌ಶಾಟ್ ಅನ್ನುವ ಗುಂಡಿ ತೋರಿಸಿದಳು. ಒತ್ತಿದರೆ ಮೆಷಿನ್ನಿನ ಆ ಕ್ಷಣದ ನೆನಪೆಲ್ಲಾ ಫೋಟೋ ತೆಗೆದಂತೆ ಉಳಿಯುತ್ತದೆ, ಮತ್ತೆ ಯಾವಾಗ ಬೇಕಾದರೂ ಅಲ್ಲಿಂದಲೇ ಶುರು ಮಾಡಬಹುದು.

"ಆಟ ಆಡಾಕ ಸರಿ, ಕೆಲಸಕ್ಕ ಮಾತ್ರ ಬ್ಯಾಡ್ರಿ. ನೆನಪು ಬೇರೆ, ಫ್ಲಾಪಿ ಬೇರೆ," ಅಂದಳು.

"ನೀನು ಅ ಆ ಇ ಈ ತಿದ್ದೋ ಕಾಲದಿಂದ ಕೀಬೋರ್ಡ್ ಕುಟ್ತಿದೀನಿ, ಹೋಗಮ್ಮ," ಅಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಅವಳ ಮಾತು.

ಆಯುಧಪೂಜೆ ಬಂತು. ಕುಂಬಳಕಾಯಿ ಒಡೆದು, ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಟ್ಟು, ಮಂಗಳಾರತಿ ಆದ ಕೂಡಲೇ ನಾನು ಆ ಗುಂಡಿ ಒತ್ತಿದೆ. ಪೂಜೆಯಾದ ಘಳಿಗೆ, ಪರದೆಯ ಮೇಲೆ "ಫೇಲ್: ಇಲ್ಲ" ಅಂತಿತ್ತು. ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದಿದೆ? ಅಲ್ಲಿಂದ ಪ್ರತಿ ಬೆಳಿಗ್ಗೆ ಕೈಮುಗಿದು ಅದನ್ನೇ ತೆರೆದೆ.

ಅಂದಿನಿಂದ ಹುಕ್ಕುಗಳು ಫೇಲಾಗುವುದೇ ನಿಂತುಹೋಯಿತು. ಆಂಜಿನಪ್ಪನವರು ಮೈಸೂರುಪಾಕು ಹಂಚಿದರು. ರಾಮಾಂಜಿನಪ್ಪ ಒಬ್ಬನೇ ತಲೆ ಕೆರೆದುಕೊಂಡ.

"ನಿನ್ನೆ ಎಲ್ಡು ಬಾಯಿ ಬಿಟ್ಟಿದ್ವಲ್ಲಕ್ಕಾ. ನಾನೇ ಯೋಳಿದ್ನಲ್ಲ."

"ಮೆಷಿನ್ನು ಫೇಲ್ ಇಲ್ಲ ಅಂತಿದೆ. ನಿನ್ ಮಾತು ನಂಬ್ಲಾ, ಮೆಷಿನ್ನನ್ನ ನಂಬ್ಲಾ? ಲಾರಿಗೆ ಹಾಕು."

ಅವನು ಹಾಕಿದ. ಆಮೇಲೆ ಅವನು ಕೇಳುವುದನ್ನೇ ಬಿಟ್ಟ.

ನಿನ್ನೆ ಬೊಮ್ಮನಹಳ್ಳಿಯ ಗೋಡೌನೊಂದರಲ್ಲಿ ನಮ್ಮ ಹುಕ್ಕು ಬಾಯಿ ಬಿಟ್ಟು ಬಟ್ಟೆಯ ಹೊರೆ ಕೆಳಗೆ ಬಿತ್ತು. ದೇವರು ದೊಡ್ಡವನು, ಕೆಳಗೆ ಯಾರೂ ಇರಲಿಲ್ಲ. ಅದರ ನಂಬರು ಪಾಸಾಗಿತ್ತೇ, ಫೇಲಾಗಿತ್ತೇ ಅಂತ ಗೋಡೌನಿನವರು ಕೇಳಿದರು. ನಾನು ಹುಡುಕಿದೆ. ಎಂಟು ತಿಂಗಳಲ್ಲಿ ಬರೆದದ್ದು ಒಂದೂ ಕಾಣಲಿಲ್ಲ. ನಿವೇದಿತಾಗೆ ಫೋನ್ ಮಾಡಿದೆ.

ಇವತ್ತು ಮಧ್ಯಾಹ್ನ ಬಂದಳು. ನಾನು ಮೆಷಿನ್ ಶುರು ಮಾಡುವುದನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ಮುಂದಿನ ಖಾಲಿ ಸಾಲು ಯಾವುದು ಅನ್ನೋದು ಮೆಷಿನ್ನಿನ ನೆನಪಿನಾಗ ಇರ್ತದ್ರಿ. ನೀವು ದಿನಾ ಪೂಜೆ ದಿನದ ನೆನಪು ತರ್ತೀರಿ, ಪರದೆ ಮ್ಯಾಲೂ ಆ ದಿನದ್ದೇ ಕಾಣ್ತದ. ಅದಕ್ಕ ಯಾವತ್ತೂ ನಾನೂರ ಹನ್ನೆರಡನೇ ಸಾಲೇ ಖಾಲಿ ಅಂತ ತಿಳೀತದ. ನಿನ್ನೆ ಬರೆದಿದ್ದರ ಮ್ಯಾಲೇ ಇವತ್ತೂ ಬರೀತದ."

"ಎಲ್ಲಾ ಹೋಯ್ತಾ?"

"ದಿನಾ ಒಂದೋ ಎರಡೋ ಬರೆದೀರಿ. ಒಂದು ದಿನ ಮಾತ್ರ ಐದು ಬರೆದೀರಿ, ಯುಗಾದಿ ಹಿಂದಿನ ದಿನ. ಅದರ ಕೊನೇ ಮೂರರ ಮ್ಯಾಲೆ ಮತ್ತೇನೂ ಬರೀಲಿಲ್ಲ, ಅವಷ್ಟೇ ಉಳಕೊಂಡಾವು."

2214, 2217, 2219.

ಉಳಿದವು ಇನ್ನೂರಾದರೂ ಇರಬೇಕು. ಹಳದಿ ಬಣ್ಣ ಬಳಿದುಕೊಂಡು, ಒಳ್ಳೆಯವುಗಳ ನಡುವೆ, ಯಾವ ಯಾವ ಶೆಡ್ಡಿನಲ್ಲೋ ಯಾರ ಯಾರ ತಲೆಯ ಮೇಲೋ ನೇತಾಡುತ್ತಿವೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಉಣ್ಣುವವರು ಬೇರೆ ಯಾರೋ.

ಆಗ ನನ್ನ ತಮ್ಮ ಲೋಕೇಶ್ ನೆನಪಾದ. ಬಾಗಲಗುಂಟೆಯಲ್ಲಿ ತಗಡು ಒತ್ತುವ ಪ್ರೆಸ್ ಶೆಡ್ಡಿನಲ್ಲಿ ಇನ್ನೂರು ಕಿಲೋದ ಡೈಗಳನ್ನು, ಅಂದರೆ ಉಕ್ಕಿನ ಅಚ್ಚುಗಳನ್ನು, ಕ್ರೇನಿನಿಂದ ಎತ್ತಿ ಇಳಿಸುವವನು. ಯುಗಾದಿ ಹಬ್ಬ ಮುಗಿದ ಮಾರನೆಯ ವಾರವೇ ಅವನ ಯಜಮಾನರಿಗೆ ನಾನೇ ಮುಂದೆ ನಿಂತು ಒಂದು ಹುಕ್ಕು ಕೊಡಿಸಿದ್ದೆ. ಅವನಿಗೆ ಫೋನ್ ಮಾಡಿದೆ.

"ಲೋಕೇಶಾ, ನಾನು ಕೊಡಿಸಿದ ಹುಕ್ಕಿದೆಯಲ್ಲ, ಅದರ ನಂಬರ್ ಹೇಳೋ."

"ಈಗ್ಲಾ? ಡೈ ನೇತಾಕಿದೀನಿ ಕಣಕ್ಕಾ. ಸರಿ, ಇರು, ನೋಡ್ತೀನಿ."

ಫೋನನ್ನು ಸ್ಪೀಕರಿಗೆ ಹಾಕಿ ಎಲ್ಲೋ ಇಟ್ಟ. ನಿವೇದಿತಾ ನನ್ನ ಮೊಣಕೈ ಹಿಡಿದಳು. "ಅಕ್ಕ, ಕೆಳಗ ಹೋಗಬ್ಯಾಡ ಅನ್ರೀ."

ಆಗಲೇ ನನಗೆ ಗೊತ್ತಾದದ್ದು, ನಾನು ಏನು ಕೇಳಿದೆ ಅಂತ. ನಂಬರ್ ಇರುವುದು ಹುಕ್ಕಿನ ತಳದಲ್ಲಿ. ಓಡಿಹೋಗು ಅನ್ನಬೇಕಿತ್ತು. ಹತ್ತೊಂಬತ್ತು ವರ್ಷದ ಚಾಳಿ, ನಂಬರ್ ಕೇಳಿಬಿಟ್ಟಿದ್ದೆ. ಬೇಡ ಕಣೋ, ಈಚೆ ಬಾ ಅಂತ ಕೂಗಿದೆ. ಆ ಕಡೆ ಪ್ರೆಸ್ಸುಗಳು ಧಡ್ ಧಡ್ ಅನ್ನುತ್ತಿದ್ದವು.

"ಎಲ್ಡು," ಅಂದ ದೂರದಿಂದ. "ಎಲ್ಡು. ಒಂದು." ಸ್ವಲ್ಪ ತಡೆದ. "ಕೊನೇದು ಬಣ್ಣದಾಗೆ ಮುಚ್ಕಂಡದೆ ಕಣಕ್ಕಾ. ಇರು, ಏಣಿ ಹಾಕ್ಕೊಂಡು ಉಜ್ಜಿ ನೋಡ್ತೀನಿ."

ಏಣಿ ಎಳೆದ ಸದ್ದು ಕೇಳಿಸಿತು. ಅವನ ಹೆಸರು ಹಿಡಿದು ಅರಚುತ್ತಲೇ ಇದ್ದೆ. ಆ ಕಡೆ ಕರಕರ ಅಂತ ಉಜ್ಜಲು ಶುರು ಮಾಡಿದ.