ಕಾಗೆ ಮುಟ್ಟದ ಎಲೆ

ಸರಸ್ವತೀಬಾಯಿ ತೀರಿಕೊಂಡ ಸುದ್ದಿ ಗುಡಗೇರಿಗೆ ಬಂದದ್ದು ಹನ್ನೊಂದನೆಯ ದಿನ, ಒಂದು ಅಂಚೆ ಕಾರ್ಡಿನಲ್ಲಿ. ಸಾಲಿ ಮಾಸ್ತರರಾದ ಏಕನಾಥರು ಅದನ್ನು ಹೊಸ್ತಿಲ ಹೊರಗೇ ನಿಂತು ಓದಿ ಹರಿದು ಹಾಕಿದರು. ಒಳಗೆ ಬಂದು ಹೆಂಡತಿಯ ಮುಖ ನೋಡದೆ, "ಮಥುರಾ, ಒಲಿ ಆರಸು. ದುಮ್ಮವಾಡದ ಅಕ್ಕ ಹೋದರಂತ" ಎಂದರು.

ಮಥುರಾಬಾಯಿಗೆ ತಾಯಿಯ ಮುಖ ನೆನಪಿಲ್ಲ. ಎತ್ತಿ ಆಡಿಸಿದವಳು, ತುತ್ತು ಮಾಡಿ ಉಣಿಸಿದವಳು ಅಕ್ಕ ಸರಸ್ವತೀಬಾಯಿಯೇ. ಅವರದು ಭತ್ತ ಬೆಳೆಯುವ ಊರು. ೧೯೭೪ರ ಮಳೆಗಾಲದಲ್ಲಿ ಗಂಡನಿಗೆ ಈ ಕರಿಮಣ್ಣಿನ ಸೀಮೆಗೆ ವರ್ಗವಾದಾಗ ಅಕ್ಕ, "ಬರೇ ಜೋಳದ ಊರೊಳಗ ನನ್ನ ಕೂಸು ಏನು ಉಣ್ಣತದೋ" ಎಂದು ಅತ್ತಿದ್ದಳು. ಅಂದಿನಿಂದ ತಿಂಗಳಿಗೊಂದು ಅಕ್ಕಿಯ ಗಂಟು ಬಸ್ಸಿನಲ್ಲಿ ಬರುತ್ತಿತ್ತು.

ಗುಡಗೇರಿಗೆ ಬಂದ ಮೊದಲ ದಿನವೇ ಬಾಜೂ ಮನೆಯ ಕಸ್ತೂರೆವ್ವ ಬಿಸಿರೊಟ್ಟಿ ತಂದಿದ್ದಳು. "ನಮ್ಮಲ್ಲಿ ಮಡಿ ಅದರಿ" ಎಂದು ಮಥುರಾಬಾಯಿ ತಟ್ಟೆಯನ್ನು ಹಾಗೇ ಹಿಂದಕ್ಕೆ ಕಳಿಸಿದಳು. ಅಲ್ಲಿಂದ ಹಿತ್ತಲಗೋಡೆಯ ಆಚೆಗೊಂದು, ಈಚೆಗೊಂದು ಮೌನ ಬೆಳೆಯಿತು.

ಹದಿಮೂರನೆಯ ದಿನ ಮಥುರಾಬಾಯಿ ತಲೆಗೆ ನೀರು ಹಾಕಿಕೊಂಡು ಗಂಟಿನಲ್ಲಿ ಉಳಿದಿದ್ದ ಕೊನೆಯ ಅಕ್ಕಿಯಿಂದ ಅನ್ನ ಮಾಡಿದಳು. ಹಿತ್ತಲಗೋಡೆಯ ಮೇಲೆ ಎಲೆ ಇಟ್ಟು ಕಾಗೆಯನ್ನು ಕರೆದಳು. ಎರಡು ದಿನದಿಂದ ಅವಳ ಬಾಯಿಗೆ ನೀರಲ್ಲದೆ ಬೇರೇನೂ ಸೇರಿರಲಿಲ್ಲ.

ಬೇವಿನ ಗಿಡದ ಮೇಲೆ ಕಾಗೆಗಳಿದ್ದವು. ಎಲೆಯತ್ತ ನೋಡಿದವು, ಇಳಿಯಲಿಲ್ಲ.

"ಅಕ್ಕಾ, ನಿನ್ನ ಮಕ್ಕಳನ್ನ ನನ್ನ ಮಕ್ಕಳಂಗ ನೋಡ್ತೀನಿ."

ಇಳಿಯಲಿಲ್ಲ.

"ನಿನ್ನ ಹೆಸರಿಲೆ ಪಂಢರಪುರಕ್ಕ ಹೋಗಿ ಬರ್ತೀನಿ."

ಬಿಸಿಲು ಏರಿತು. ದೂರದ ಹೊಲಗಳಲ್ಲಿ ಬೆಳ್ಳಗಾದ ಜೋಳದ ತೆನೆಗಳು ನೀರಿನ ಹಾಗೆ ತೂಗುತ್ತಿದ್ದವು. ಆ ನೀರಿನ ಮೇಲೆ ಯಾರೋ ಕಚ್ಚೆ ಸೀರೆಯವಳು ನಡೆದು ಬರುತ್ತಾಳೆ, ಬೇಲಿಯವರೆಗೆ ಬರುತ್ತಾಳೆ, ಅಲ್ಲಿಂದ ಮುಂದೆ ಬರಲಾರದೆ ನಿಂತುಬಿಡುತ್ತಾಳೆ ಎಂದು ಮಥುರಾಬಾಯಿಗೆ ಕಂಡಿತು. ಕಣ್ಣು ಒರೆಸಿಕೊಂಡರೆ ಬರೀ ಬಿಸಿಲು.

"ಯಾಕ್ರೀ ಬಾಯಾರ, ಕಾಗಿ ಮುನಿಸ್ಕೊಂಡಾವೇನು?" ಗೋಡೆಯಾಚೆಯಿಂದ ಕಸ್ತೂರೆವ್ವನ ತಲೆ ಎದ್ದಿತು.

"ಏನು ಹೇಳಿದರೂ ಒಪ್ಪವಲ್ವು. ಅಕ್ಕನ ಜೀವ ಎಲ್ಲೋ ಸಿಕ್ಕೊಂಡದರಿ."

"ಇದ್ದಾಗ ನಿಮಗ ಏನ್ ಕೇಳತಿದ್ರು ಅಕ್ಕಾರು?"

"ಉಂಡಿಯೇನು ಅಂತ."

"ಉಂಡೀರೇನು ಮತ್ತ?"

ಮಥುರಾಬಾಯಿ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ತಂಗಿ ಉಪಾಸ ಕುಂತ್ರ ಆಕಿ ಹೆಂಗ ಉಣ್ಣಬೇಕ್ರಿ? ಪಂಢರಪುರ ಯಾಂವ ಕೇಳ್ಯಾನ? ಮೊದಲ ನೀವ್ ಉಣ್ರಿ."

"ಇದ್ದ ಅಕ್ಕಿ ಎಲ್ಲಾ ಎಲಿ ಮ್ಯಾಲದ."

ಕಸ್ತೂರೆವ್ವ ತನ್ನ ಅಡಿಗೆಮನೆಯತ್ತ ಹೊರಳಿ ನೋಡಿದಳು. "ನಮ್ಮನಿ ಒಲಿ ಮ್ಯಾಲ ರೊಟ್ಟಿ ಐತಿ. ಖರೇ, ನಮ್ಮ ಕೈಯಾಂದು ನಿಮಗ ನಡಿಯಂಗಿಲ್ಲ."

ಮಥುರಾಬಾಯಿ ಗಿಡದತ್ತ ನೋಡಿದಳು. ಆಮೇಲೆ ಗೋಡೆಯ ಮೇಲೆ ಎರಡೂ ಕೈ ಚಾಚಿದಳು. "ನಡೀತದ. ಕೊಡ್ರಿ, ಕಸ್ತೂರೆವ್ವಾ."

ಅಂಗೈ ಸುಡುವ ರೊಟ್ಟಿ, ಅದರ ಮೇಲೆ ಎಣ್ಣೆಗಾಯಿ, ಚಟ್ನಿಯ ಹಾಗೆ ಕುಟ್ಟಿದ ಅಗಸಿ ಹಿಂಡಿ, ಗಟ್ಟಿ ಮೊಸರು. "ಆವತ್ತು ನೀವು ಹೊಳ್ಳಿ ಕಳಿಸಿದ್ದನ್ನ ಸಿಟ್ಟಿಲೆ ನಾನ ಒಬ್ಬಾಕೀನ ತಿಂದೆ. ಹೊಟ್ಟಿ ಕೆಟ್ಟಿತ್ತು ನೋಡ್ರಿ!" ಎಂದಳು ಕಸ್ತೂರೆವ್ವ.

ಮಥುರಾಬಾಯಿ ನಿಂತಲ್ಲಿಯೇ ಮುರಿದು ಬಾಯಿಗಿಟ್ಟಳು. ಜೋಳ ಇಷ್ಟು ಸಿಹಿ ಎಂದು ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ತುತ್ತಿಗೆ ಹಸಿವು ಎದ್ದು ಕೂತಿತು. ಬಾಗಿಲಲ್ಲಿ ನಿಂತಿದ್ದ ಏಕನಾಥರು ಗಂಟಲು ಸರಿಮಾಡಿಕೊಂಡು, "ನನಗೂ ಒಂದು ಅದನೋ ಇಲ್ಲೋ?" ಎಂದರು.

"ಬರ್ರಿ ಮಾಸ್ತರ, ಬುಟ್ಟಿ ತುಂಬ ಅದಾವು."

ಆಗ ಬೇವಿನ ಗಿಡದಿಂದ ಒಂದು ಕಾಗೆ ಇಳಿಯಿತು. ಎಲೆಯ ಅಂಚಿಗೆ ಕೂತು ಕತ್ತು ಓರೆ ಮಾಡಿ ಮಥುರಾಬಾಯಿಯನ್ನು ನೋಡಿ, ಒಂದು ತುತ್ತು ಅನ್ನ ಕಚ್ಚಿಕೊಂಡು ಹಾರಿತು.

ಕಸ್ತೂರೆವ್ವ "ಶಿವ ಶಿವಾ" ಎಂದು ಹಣೆಗೆ ಕೈ ಹಚ್ಚಿದಳು. ಮಥುರಾಬಾಯಿ ಎಂಜಲು ಕೈಯನ್ನು ಸೆರಗಿಗೆ ಒರೆಸಿ ಮುಗಿದಳು.

"ಪಾಂಡುರಂಗಾ, ನನ್ನಕ್ಕ ನಿನ್ನ ಹತ್ತಿರ ಬರಲಿಕ್ಕೆ ಹತ್ಯಾಳ. ಇದ್ದಷ್ಟು ದಿನ ಮಂದಿಗೆ ಬಡಿಸಿ ಬಡಿಸಿ ಆಕಿ ಕಾಲು ಸೋತಾವ. ನಿನ್ನ ಪಾದದ ಬಾಜೂ ಆಕಿನ್ನ ಕೂಡಿಸಿಕೋ, ತಂದೆ. ಆಕಿ ಜೀವಕ್ಕ ಶಾಂತಿ ಕೊಡು."